ಹದಿಮೂರು ಗೂಟ

ಇಪ್ಪತ್ತೆಂಟು ವರ್ಷ, ಒಂಬತ್ತು ಬಾಡಿಗೆ ಮನೆ.
ಎಲ್ಲ ಮನೆಯೊಡೆಯರದೂ ಒಂದೇ ಶಾಸನ:
ನೀರು ಹಿಡಿತದಲ್ಲಿ, ಬಾಡಿಗೆ ಐದನೇ ತಾರೀಖಿನೊಳಗೆ,
ಗೋಡೆಗೆ ಮಾತ್ರ ಮೊಳೆ ಹೊಡೀಬೇಡಿ.
ಹಾಗಾಗಿ ನನ್ನ ಕ್ಯಾಲೆಂಡರುಗಳೆಲ್ಲ
ಕುರ್ಚಿಯ ಮೇಲೆ ಕೂತೇ ವರ್ಷ ಕಳೆದವು.
ಅಪ್ಪನ ಫೋಟೋ ಬೀರುವಿನ ನೆತ್ತಿಯಲ್ಲಿ ಒರಗಿತ್ತು
ಸೊಂಟ ಹಿಡಿದವರ ಹಾಗೆ.

ಈಗ ಶಿಡ್ಲಘಟ್ಟದಲ್ಲಿ, ಗೂಡು ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ
ರೇಷ್ಮೆ ನೂಲು ಬಿಚ್ಚುತ್ತಿದ್ದ ಶೆಡ್ಡೊಂದು
ನನ್ನ ಹೆಸರಿಗೆ ರಿಜಿಸ್ಟರ್ ಆಗಿದೆ.
ಮೊದಲ ದಿನವೇ ಕಾಲು ಕೆ.ಜಿ. ಮೊಳೆ ತಂದೆ.

ಗೋಡೆ ಒಪ್ಪಲಿಲ್ಲ.
ಒಳಗೆಲ್ಲ ಕಲ್ಲು, ನಂದಿ ಬೆಟ್ಟದ ದಾಯಾದಿಗಳು.
ಏಳು ಮೊಳೆ ಬಾಗಿದವು. ಎಂಟನೆಯದಕ್ಕೆ ಎತ್ತಿದ ಸುತ್ತಿಗೆ
ನನ್ನ ಹೆಬ್ಬೆರಳನ್ನೇ ಹುಡುಕಿಕೊಂಡು ಬಂತು.

ಪೇಂಟರ್ ನಾರೆಪ್ಪ ಬಾಗಿಲಲ್ಲೇ ನಿಂತು ಮೂಸಿದ.
‘ಗೂಡು ಬೇಯಿಸಿದ ವಾಸನೆ ಮೇಡಂ, ಇದು ಹೋಗಲ್ಲ.
ಪುಟ್ಟಿ ಬಳಿದು, ಫಾಲ್ಸ್ ಸೀಲಿಂಗ್ ಇಳಿಸಿ,
ಮೂಲೆ ಮೂಲೆಗೆ ಲೈಟು ಬಿಟ್ಟರೆ
ಕಲ್ಯಾಣಮಂಟಪದ ಥರ ಮಾಡ್ಕೊಡ್ತೀನಿ.’
ಮದುವೆಯಾಗದವಳಿಗೆ ಕಲ್ಯಾಣಮಂಟಪ ಯಾಕಪ್ಪ ಅಂದೆ.
ನಗಬೇಕೋ ಬೇಡವೋ ತಿಳಿಯದೆ ಅವನು
ಅಳತೆ ಟೇಪನ್ನು ಎಳೆದ, ಬಿಟ್ಟ, ಎಳೆದ.

ನನಗೆ ಏನು ಇಷ್ಟ?
ಯಾರೂ ಕೇಳಿರಲಿಲ್ಲ, ನಾನೂ.
ಅಂಚೆ ಡಬ್ಬದ ಕೆಂಪು ಬೇಡ, ಅದೊಂದು ಗೊತ್ತಿತ್ತು.
ರಾಗಿ ಅಂಬಲಿಗೆ ಮಜ್ಜಿಗೆ ಹುಯ್ದ ಬಣ್ಣ ಅಂದರೆ
ಅಂಗಡಿಯವನ ಪುಸ್ತಕದಲ್ಲಿ ಅದಕ್ಕೆ ನಂಬರೇ ಇಲ್ಲ.
ಮೂರು ಡಬ್ಬ ಬೆರೆಸಿ ನಾರೆಪ್ಪ ಹತ್ತಿರ ಹತ್ತಿರ ತಂದ.

ಒಲೆಯಿದ್ದ ಮೂಲೆ ತಗ್ಗು; ಅಲ್ಲಿಗೆ ಚಾಪೆ, ದಿಂಬು, ರೇಡಿಯೋ.
ಗೋಡೆಯಲ್ಲಿ ಮೊದಲಿಂದಲೂ ಹದಿಮೂರು ಮರದ ಗೂಟ,
ನೂಲಿನ ಲಡಿ ತೂಗುತ್ತಿದ್ದವು.
ಒಂದರಲ್ಲಿ ಅಪ್ಪ ಕೊನೆಗೂ ನೆಟ್ಟಗಾದರು.
ಒಂದಕ್ಕೆ ಕೊಡೆ, ಒಂದಕ್ಕೆ ಕೈಚೀಲ.
ಉಳಿದವು ಖಾಲಿ. ಇರಲಿ.
ಹಳೇ ಚಂದ್ರಿಕೆಯೊಂದನ್ನು ತಂದು ಹಿಂದೆ ಬಲ್ಬು ಇಟ್ಟೆ:
ಬಿದಿರಿನ ಸುತ್ತು ಸುತ್ತು ನೆರಳು ಸೂರಿನ ತನಕ ತೆವಳಿತು.
ಉತ್ತರದ ಗೋಡೆಗೆ ಬ್ರಷ್ಷು ಮುಟ್ಟಿಸಬೇಡ ಅಂದೆ.
ಅಲ್ಲಿ ಇದ್ದಿಲಲ್ಲಿ ಬರೆದ ಅಂಕಿಗಳು, ಎದೆಮಟ್ಟದಿಂದ ನೆಲದವರೆಗೆ:
ನಲವತ್ತೆರಡೂವರೆ, ಮೂವತ್ತೆಂಟು, ಒಂದು ಅಡ್ಡಗೆರೆ, ಒಂದು ಸುನ್ನೆ.
ಅರ್ಥವಾಗದ ಬರಹ ಎಷ್ಟು ಚೆಂದ
ಎಂದು ಕಚೇರಿಯಲ್ಲಿ ಹೇಳಿಕೊಂಡು ತಿರುಗಿದೆ.

ಯುಗಾದಿ ಕಳೆದ ಮೇಲೆ ಖುರ್ಷಿದಾ ಬೀ ಬಂದರು,
ಶೆಡ್ಡು ಮಾರಿದವರು, ಕರೆಂಟು ಮೀಟರಿನ ಒಂದು ಸಹಿಗೆ.
ಚಂದ್ರಿಕೆ ನೋಡಿ ಬಾಯಿಗೆ ಸೆರಗು ಹಿಡಿದು ನಕ್ಕರು:
‘ಇದು ಹುಳ ಸಾಕೋರದ್ದು, ನಮ್ಮ ಕಸುಬಿಂದಲ್ಲ!’
ಆಮೇಲೆ ಉತ್ತರದ ಗೋಡೆ ನೋಡಿದರು.
‘ಇದ್ಯಾಕೆ ಬಿಟ್ರಿ? ನಮ್ಮ ಯಜಮಾನ್ರು ಗೂಡು ತಂದ ಲೆಕ್ಕ.
ಸುನ್ನೆ ಇರೋದೆಲ್ಲ ಸಾಲಕ್ಕೆ ತಂದಿದ್ದು.
ಎಣಿಸಿ ನೋಡಿ.’
ಎಣಿಸಲಿಲ್ಲ. ಇಬ್ಬರ ಟೀಯೂ ಆರಿತು.
ನಾಳೆಯೇ ಬಳಿಸ್ತೀನಿ ಅಂದೆ.
‘ನಿಮ್ಮ ಗೋಡೆ,’ ಅಂದರು,
ಎದ್ದು ನನ್ನ ಬೆತ್ತದ ಕುರ್ಚಿಯನ್ನು ದರದರ ಎಳೆದು
ಕಂಬದ ಎಡಕ್ಕೆ ತಂದಿಟ್ಟರು.
‘ಇಲ್ಲಿ ಹಾಕ್ಕೊಳ್ಳಿ. ನಾಲ್ಕು ಗಂಟೆಗೆ
ಆ ಗವಾಕ್ಷಿ ಬೆಳಕು ಇಲ್ಲೇ ಬೀಳೋದು.
ಒಂಟಿ ಎಳೆ ತುಂಡಾದ್ರೂ ಕಾಣುತ್ತೆ.
ಹತ್ತೊಂಬತ್ತು ವರ್ಷ ನಾನು ಕೂತ ಜಾಗ.’

ಗೋಡೆ ಹಾಗೇ ಇದೆ.
ನಾರೆಪ್ಪ ಎರಡು ಸಲ ಫೋನು ಮಾಡಿದ, ಎತ್ತಲಿಲ್ಲ.
ಭಾನುವಾರ ಅಂಕಿಗಳಿಗೆ ಬೆನ್ನು ಹಾಕಿ
ಅವರಿಟ್ಟಲ್ಲೇ ಕೂರುತ್ತೇನೆ.
ಬೆಳಕು ಬರುತ್ತದೆ, ಹೇಳಿದ ಹೊತ್ತಿಗೆ,
ಕೈ ಮೇಲೆ, ಸೀರೆಯಂಚಿನ ಬಿಟ್ಟ ಹೊಲಿಗೆಯ ಮೇಲೆ,
ಕಟ್ಟೆಯ ಮೇಲೆ ಇನ್ನೂ ಎಸೆಯದ
ಏಳು ಸೊಟ್ಟ ಮೊಳೆಗಳ ಮೇಲೆ.