ಲಾಸ್ ಎಷ್ಟು

ಸುಂಕದಕಟ್ಟೆ ಪೈಪ್‌ಲೈನ್ ರಸ್ತೆಯಲ್ಲಿ
ಸೌದೆ ಡಿಪೋ ಮೇಲಿನ ಒಂದೇ ಕೋಣೆ, ನನ್ನ ಕಂಪನಿ.
ಬೋರ್ಡಲ್ಲಿ ಇನ್ನೂ ಮುತ್ತುರಾಯ ಕೇಬಲ್ಸ್ ಅಂತಲೇ ಇದೆ;
ಅದರ ಕೆಳಗೆ, ಬೇರೆ ಬಣ್ಣದಲ್ಲಿ, ಬ್ರಾಡ್‌ಬ್ಯಾಂಡ್.
ಜಾಗ ಸಾಲದೆ ಕೊನೆಯ 'ಡ್' ಗೋಡೆಗೆ ಹಾರಿದೆ.

ಒಳಗಿನ ಫ್ಯಾನು ನನಗಲ್ಲ, ಸ್ವಿಚ್ಚಿಗೆ.
ಹಸಿರು ದೀಪ ಮಿಣುಕುತ್ತಿದ್ದರೆ ಎಂಟನೇ ಕ್ರಾಸು ಎಚ್ಚರವಿದೆ,
ಕೆಂಪಾದರೆ ಫೋನು, ನೇರ ನನ್ನ ನಂಬರಿಗೆ:
"ಗವಿಯಣ್ಣಾ, ನೆಟ್ ಸತ್ತೋಗಿದೆ."
ಸತ್ತಿರುವುದಿಲ್ಲ. ಅಳಿಲು ಕಚ್ಚಿರುತ್ತದೆ,
ಇಲ್ಲ, ಪಾಲಿಕೆಯವರು ಹೊಂಗೆ ಕೊಂಬೆಯ ಜೊತೆ
ನಮ್ಮ ತಂತಿಯನ್ನೂ ಸವರಿರುತ್ತಾರೆ,
ಇಲ್ಲ, ಗಿರಣಿ ಬೈಲಪ್ಪ ಪ್ಲಗ್ ಕಿತ್ತು
ಮೊಬೈಲ್ ಚಾರ್ಜಿಗೆ ಹಾಕಿ ಮರೆತಿರುತ್ತಾನೆ.

ಸಾವಿರದ ನೂರಾ ಆರು ಮನೆ ಇದ್ದವು.
ಈಗ ನಾನೂರ ಮೂವತ್ತೆಂಟು.
ಅದೂ ನಿನ್ನೆ ಸಂಜೆಯದು; ಇವತ್ತಿನದು ಕೇಳಬೇಡಿ.

ಅವರು ಬಂದದ್ದು ಬೇಕರಿ ಮುಂದೆ
ಬಣ್ಣದ ಕೊಡೆ ಬಿಚ್ಚಿ, ಟೇಬಲ್ ಹಾಕಿಕೊಂಡು.
ಆರು ತಿಂಗಳು ಫ್ರೀ, ಡಬ್ಬಾ ಫ್ರೀ, ಕ್ರಿಕೆಟ್ ಫ್ರೀ.
ಫ್ರೀಗಿಂತ ಕೆಳಗೆ ನಾನು ಎಲ್ಲಿಗೆ ಇಳಿಯಲಿ?
ಮೇಲಿಂದ ಬ್ಯಾಂಡ್‌ವಿಡ್ತ್ ಕೊಳ್ಳುವುದೂ, ನಗಬೇಡಿ, ಅವರಿಂದಲೇ.
ಗುಬ್ಬಿ ಹದ್ದಿನ ಹತ್ತಿರ
ಗಾಳಿ ಸಾಲ ಕೇಳಿದ ಹಾಗೆ.

ಮೇಜಿನ ಡ್ರಾಯರಲ್ಲಿ ಅವರದೊಂದು ಕಾಗದ.
ತಲೆಗೆ ಇಷ್ಟೆಂದು ಗಿರಾಕಿಗಳನ್ನು ಕೊಳ್ಳುತ್ತಾರಂತೆ.
ಕುರಿ ಸಂತೆಯಲ್ಲಿ ಟವೆಲ್ಲಿನ ಕೆಳಗೆ
ಬೆರಳು ಹಿಡಿದು ದರ ಹೇಳುತ್ತಾರಲ್ಲ,
ಹಾಗೆ ನನ್ನ ಬೆರಳನ್ನು ಯಾರೋ ಹಿಡಿದಂತಾಯಿತು.
ಸಹಿ ಹಾಕುವ ಜಾಗಕ್ಕೆ ಪೆನ್ಸಿಲ್ ಗುರುತು ಮಾಡಿದ್ದಾರೆ.
ಸುಧಾಮಣಿ ಎರಡು ಸಲ ಓದಿ
ಅದರ ಮೇಲೆ ಸ್ಟೇಪ್ಲರ್ ಇಟ್ಟಳು. ಮಾತಾಡಲಿಲ್ಲ.

ಗಾರ್ಮೆಂಟ್ಸಿನ ಷಹನಾಜಳದು ಎರಡು ತಿಂಗಳು ಬಾಕಿ;
ಮಗಳ ಪರೀಕ್ಷೆ ಮುಗಿಯಲಿ ಎಂದು ಕಟ್ ಮಾಡಿಲ್ಲ.
ಒಂದು ಒತ್ತಿ, ಎರಡು ಒತ್ತಿ ಎನ್ನುವ ಆ ಕಡೆಯ ದನಿಗೆ
ಯಾವ ನಂಬರು ಒತ್ತಿದರೆ ಪರೀಕ್ಷೆ ಅರ್ಥವಾಗುತ್ತದೆ?
ಹಾಗಂತ ನಾನೇನು ಧರ್ಮಛತ್ರವಲ್ಲ.
ಸಂಜೆ ಏಳಾದರೆ ನಮ್ಮ ಸ್ಪೀಡು ಎತ್ತಿನಗಾಡಿ,
ಅದನ್ನೂ ಬರೆದುಕೊಳ್ಳಿ.

ಮೊನ್ನೆ ರಾತ್ರಿ ಹನ್ನೊಂದೂವರೆ.
ಒಳಚರಂಡಿಗೆ ಅಗೆಯುತ್ತಿದ್ದ ಜೆಸಿಬಿ
ಅವರ ದಪ್ಪ ಕೇಬಲ್ಲನ್ನೇ ಹರಿದು ಎತ್ತಿತು, ಮೂಲಂಗಿ ಕಿತ್ತ ಹಾಗೆ.
ಅರ್ಧ ವಾರ್ಡಿನ ಮನೆಗಳಲ್ಲಿ ಲೈಟಿತ್ತು, ಬೇರೇನೂ ಇರಲಿಲ್ಲ.
ನನಗೆ ಖುಷಿಯಾಯಿತು. ಸುಳ್ಳು ಹೇಳುವುದಿಲ್ಲ.
ಟೀ ಮಾಡಿಸಿ ಕುಡಿದೆ.

ಆಗ ಮೆಟ್ಟಿಲು ಹತ್ತಿ ಬಂದವನು ದಸ್ತಗೀರ.
ಗಾಜಿನೆಳೆ ಹಿಡಿಯುವುದನ್ನು ನನ್ನ ಹತ್ತಿರವೇ ಕಲಿತು
ಹೋದ ಯುಗಾದಿಗೆ ಆ ಕಡೆ ಸೇರಿದವನು,
ಮೈಮೇಲೆ ಅವರದೇ ಅಂಗಿ.
"ಅಣ್ಣಾ, ನಮ್ಮ ಮಿಷನ್ ಕೈಕೊಡ್ತು.
ಇನ್ನೊಂದು ವೈಟ್‌ಫೀಲ್ಡಿಂದ ಬರಬೇಕು. ನಿಮ್ದು ಕೊಡ್ತೀರಾ?"

ಕೊಡಲಿಲ್ಲ. ನಾನೇ ಹೊತ್ತುಕೊಂಡು ಹೋದೆ.
ಇನ್ನೂ ಏಳು ಕಂತು ಬಾಕಿ ಇದೆ ಅದರದು,
ಬೇರೆಯವರ ಕೈಗೆ ಕೊಡುವ ವಸ್ತುವಲ್ಲ.

ಗುಂಡಿಯೊಳಗೆ ಇಬ್ಬರೂ ಕೂತೆವು, ಮೊಣಕಾಲವರೆಗೆ ಕೆಸರು.
ಅವನು ಎಳೆ ಸುಲಿದು, ಸ್ಪಿರಿಟ್ಟಲ್ಲಿ ಒರೆಸಿ, ಕತ್ತರಿಸಿ ಕೊಟ್ಟ;
ನಾನು ಇಟ್ಟು ಮುಚ್ಚಳ ಮುಚ್ಚಿದೆ.
ನೀಲಿಗೆ ನೀಲಿ, ಕಿತ್ತಳೆಗೆ ಕಿತ್ತಳೆ, ಹಸಿರಿಗೆ ಹಸಿರು.
ಒಳಗೆ ಒಂದು ಕಿಡಿ, ಸೊಳ್ಳೆಯ ಸಿಟ್ಟಿನಷ್ಟು,
ಎರಡು ತುದಿ ಒಂದಾದವು.
ಪುಟ್ಟ ಪರದೆ ತೋರಿಸಿತು:
ಲಾಸ್, ಸೊನ್ನೆ ಪಾಯಿಂಟ್ ಸೊನ್ನೆ ಎರಡು.
ಯಾರ ಲಾಸು ಎಂದು ಅದು ಕೇಳಲಿಲ್ಲ.

ತೊಂಬತ್ತಾರು ಎಳೆ. ಮುಗಿದಾಗ ನಾಲ್ಕೂವರೆ,
ಹಾಲಿನ ಕ್ರೇಟು ಇಳಿಸುವ ಸದ್ದು.
"ಇನ್ನೆಷ್ಟು ದಿನ ಅಣ್ಣಾ?" ಎಂದ ದಸ್ತಗೀರ.
ನನ್ನ ಕಂಪನಿಯೋ ಅವನ ಕೆಲಸವೋ ತಿಳಿಯಲಿಲ್ಲ.
ಅವನದೂ ಗುತ್ತಿಗೆ, ಮಾರ್ಚಿಗೆ ಮುಗಿಯುತ್ತದೆ.

ಕೋಣೆಗೆ ಬಂದು ಡ್ರಾಯರು ತೆಗೆದೆ.
ಪೆನ್ಸಿಲ್ ಗುರುತನ್ನು ರಬ್ಬರಿನಲ್ಲಿ ಅಳಿಸಿದೆ.
ಕಾಗದ ಹರಿಯಲಿಲ್ಲ.
ಫೋನು. ಬೈಲಪ್ಪ.
"ಗವಿಯಣ್ಣಾ..."
ಪ್ಲಗ್ ನೋಡು, ಅಂದೆ.