ಒಂದು ಕಡಿಮೆ

ರಾತ್ರಿ ಪಾಳಿಗೆ ಹೊಸದಾಗಿ ಬಂದ ಪಾ ನಿಯಾ
ಮೊದಲ ದಿನವೇ ಕೇಳಿದಳು:
ಹದಿನಾಲ್ಕು ಸಾವಿರದಲ್ಲಿ
ಒಂದು ಹಾಳೆ ತಾನೇ, ವರ್ಲೀನ್?

ಕಿಟಕಿ ಲಕೋಟೆಯೊಂದನ್ನು ಅವಳ ಕೈಗಿಟ್ಟು
ಅಲುಗಾಡಿಸು ಅಂದೆ.
ಒಳಗಿನ ಕಾಗದ ಬೆರಳಗಲ ಜಾರಿತು.
ವಿಳಾಸದ ಕೆಳಗೆ ಅಡಗಿದ್ದ ಸಾಲು
ಕಿಟಕಿಗೆ ಬಂದು ನಿಂತಿತು:
ಯಾವ ವಿಭಾಗ, ಯಾವ ಪರೀಕ್ಷೆ, ಯಾವ ತಾರೀಖು.
ಅಂಚೆಯವನು ಓದಬಹುದು,
ಮಹಡಿಯ ಬಾಡಿಗೆಯವನು ಓದಬಹುದು,
ಹೆಂಡತಿಗೆ ಹೇಳದೆ ಹೋಗಿಬಂದವನ
ಹೆಂಡತಿ ಓದಬಹುದು.
ಅವಳು ಲಕೋಟೆಯನ್ನು ತಟ್ಟನೆ ಮಗುಚಿಟ್ಟಳು,
ಸೆರಗು ಜಾರಿದವರಿಂದ ಕಣ್ಣು ತಿರುಗಿಸುವ ಹಾಗೆ.

ಡುಲೂತ್‌ನ ಜನವರಿ ಇದು.
ಸರೋವರ ತನ್ನ ಮಂಜುಗಡ್ಡೆಯನ್ನು ತಾನೇ ಒಡೆದು
ದಡಕ್ಕೆ ಗಾಜಿನ ಚೂರು ಸುರಿಯುವ ಕಾಲ.
ಗಾಳಿಯಲ್ಲಿ ಹನಿ ತೇವವಿಲ್ಲ.
ಸ್ವೆಟರ್ ಕಳಚಿದರೆ ಕಿಡಿ, ಬಾಗಿಲ ಹಿಡಿ ಮುಟ್ಟಿದರೆ ಕಿಡಿ.
ಹಾಳೆಗೆ ಹಾಳೆ ಅಂಟುತ್ತದೆ,
ಒಂದೇ ಕಂಬಳಿಯೊಳಗೆ ನುಸುಳಿದ ಮಕ್ಕಳಂತೆ.
ಅದಕ್ಕೇ ಆ ಮೂಲೆಯಲ್ಲಿ ತೇವದ ಯಂತ್ರ ಗೊರಕೆ ಹೊಡೆಯುವುದು,
ಅದಕ್ಕೇ ಕಟ್ಟು ಬಿಚ್ಚಿ, ಬೀಸಿ, ಗಾಳಿ ಕುಡಿಸಿ
ಆಮೇಲೆ ಟ್ರೇಗೆ ಇಡುವುದು.

ಹಾಳೆಯಂಚಿನ ಇರುವೆ ಸಾಲಿನಂಥ ಗೆರೆಗಳನ್ನು
ಕ್ಯಾಮೆರಾ ಓದುತ್ತದೆ.
ಅದಕ್ಕೆ ಕಣ್ಣಿದೆ, ಸಂಶಯವಿಲ್ಲ.
ಸಂಶಯಪಡುವುದಕ್ಕೆ ಸಂಬಳ ನನಗೆ.

ಹಾರ್ಲನ್ ಇದ್ದ ಕಾಲದಲ್ಲಿ ಒಮ್ಮೆ
ಎರಡೂ ಬದಿ ಅಚ್ಚಾಗುವಾಗ ಸಾಲು ಒಂದು ಹೆಜ್ಜೆ ತಪ್ಪಿ
ಮುನ್ನೂರ ಹನ್ನೆರಡು ಜನರ ಬೆನ್ನ ಮೇಲೆ
ಬೇರೆ ಯಾರದೋ ಕಾಯಿಲೆ ಅಚ್ಚಾಯಿತು.
ಅವನ ತಪ್ಪು ಇಷ್ಟೇ:
ಮೊದಲ ಹತ್ತು ಪ್ರತಿ ತಿರುವಿ ನೋಡಲಿಲ್ಲ.
ಈಗ ಅವನು ಹಿಮ ತೆಗೆಯುವ ಲಾರಿ ಓಡಿಸುತ್ತಾನೆ.
ರಸ್ತೆಯಲ್ಲಿ ಸಿಕ್ಕರೆ ಕೈ ಬೀಸುತ್ತೇನೆ.

ಆ ರಾತ್ರಿ ಮೂರು ಗಂಟೆಗೆ ಲೆಕ್ಕ ಬಂತು.
ಅಚ್ಚಾದದ್ದು ಹದಿನಾಲ್ಕು ಸಾವಿರದ ಇನ್ನೂರ ಆರು.
ಲಕೋಟೆ ಇನ್ನೂರ ಐದು.

ಯಂತ್ರ ನಿಲ್ಲಿಸಿದೆ.
ಉರುಳೆಗಳ ಕೆಳಗೆ ಟಾರ್ಚು ಹಾಕಿದೆವು,
ರದ್ದಿ ಬುಟ್ಟಿ ನೆಲಕ್ಕೆ ಮಗುಚಿದೆವು,
ನನ್ನ ಕಳೆದ ಬೇಸಿಗೆಯ ಕಿವಿಯೋಲೆ ಸಿಕ್ಕಿತು.
ಹಾಳೆ ಸಿಗಲಿಲ್ಲ.
ಐದಕ್ಕೆ ಅಂಚೆ ಲಾರಿ. ಮೇಲ್ವಿಚಾರಕ ಡ್ವೇನ್ ಫೋನಿನಲ್ಲಿ:
ಒಂದಕ್ಕೋಸ್ಕರ ಎಲ್ಲವನ್ನೂ ತಡೆಯುತ್ತೀಯಾ?
ಹೌದು ಅಂದೆ. ದನಿ ನಡುಗಿತು, ಸುಳ್ಳೇಕೆ.

ತೂಕ ಹಾಕೋಣ ಅಂದವಳು ಪಾ ನಿಯಾ.
ಪೆಟ್ಟಿಗೆ ಪೆಟ್ಟಿಗೆಯಾಗಿ, ಆಮೇಲೆ ಕಂತೆ ಕಂತೆಯಾಗಿ,
ಆಮೇಲೆ ಒಂದೊಂದೇ.
ಇಪ್ಪತ್ಮೂರನೇ ಪೆಟ್ಟಿಗೆಯಲ್ಲಿ
ನಾಲ್ಕೂವರೆ ಗ್ರಾಂ ಹೆಚ್ಚಿಗೆ ತೂಗಿದ ಲಕೋಟೆ.

ಒಡೆದೆವು. ಮೇಲಿನ ಹಾಳೆ:
ಆನಿಕಾ ರೌಟಿಯೊ, ಹೆರಿಗೆ, ಎರಡು ರಾತ್ರಿ.
ಅದರ ಬೆನ್ನಿಗೆ ಬಿಗಿಯಾಗಿ ಅಂಟಿಕೊಂಡದ್ದು:
ರೌಟಿಯೊ, ಹೆಣ್ಣು ಮಗು.
ಆಸ್ಪತ್ರೆಯ ಕಡತದಲ್ಲಿ ಇನ್ನೂ ಹೆಸರಿಲ್ಲ,
ಖಾತೆಯ ನಂಬರು ಇದೆ, ಹನ್ನೊಂದು ಅಂಕಿ.
ಬಾಕಿ ಇದೆ. ಕೊನೆಯ ದಿನಾಂಕವೂ ಇದೆ.

ಒಂದೇ ಮನೆ, ಒಂದೇ ಬಾಗಿಲು,
ಹೀಗೇ ಇರಲಿ ಬಿಡು, ಅಂದಳು ಪಾ ನಿಯಾ.
ನನಗೂ ಹಾಗೇ ಅನಿಸಿತು, ಒಂದು ಉಸಿರಿನಷ್ಟು ಹೊತ್ತು.
ಆದರೆ ಖಾತೆ ಎರಡು.
ತಾಯಿಯದು ಕಟ್ಟಿ, ಮಗುವಿನದು ಕಾಣದೆ ಹೋದರೆ
ಮೂರು ತಿಂಗಳಿಗೆ ಸಾಲ ವಸೂಲಿಯ ಫೋನು
ತೊಟ್ಟಿಲ ಪಕ್ಕದಲ್ಲಿ ರಿಂಗಾಗುತ್ತದೆ.
ಮೇಲಾಗಿ ಕೈಗೆ ಒಮ್ಮೆ ರೂಢಿಯಾದರೆ
ನಾಳೆ ಅದು ಬೇರೆ ಬಾಗಿಲಿಗೂ ಇರಲಿ ಬಿಡು ಅನ್ನುತ್ತದೆ.

ಎರಡನ್ನೂ ಚೂರುಯಂತ್ರಕ್ಕೆ ಕೊಟ್ಟು
ಇಬ್ಬರೂ ಸಹಿ ಹಾಕಿದೆವು.
ಹೊಸ ಎರಡು ಹಾಳೆ ಬಿಸಿಬಿಸಿಯಾಗಿ ಬಂದವು.
ಅವಳು ನಡುವೆ ಉಸಿರು ಊದಿ ಬೇರೆ ಮಾಡಿದಳು,
ಬೇರೆ ಬೇರೆ ಮಡಚಿದಳು.

ಲಾರಿಯವನು ಇಪ್ಪತ್ತು ನಿಮಿಷ ಬೈಯುತ್ತಾ ಕಾದ.
ಪಾ ನಿಯಾ ಕೊನೆಯ ಲಕೋಟೆಯನ್ನು, ಆ ಚಿಕ್ಕವಳದನ್ನು,
ದೀಪಕ್ಕೆ ಎತ್ತಿ ಹಿಡಿದು ಅಲುಗಾಡಿಸಿದಳು.
ಎಡಕ್ಕೆ, ಬಲಕ್ಕೆ, ತಲೆಕೆಳಗು.
ಕಿಟಕಿಯಲ್ಲಿ ಮನೆತನದ ಹೆಸರು, ಬೀದಿ, ಊರು.
ಬೇರೇನೂ ಕಾಣಲಿಲ್ಲ.