ಸುಮ್ಮನೆ

ಹಕೊದಾತೆಯ ಆಸ್ಪತ್ರೆ, ಮೂರನೇ ಮಹಡಿ, ನವೆಂಬರ್.
ತೊಕುಜಿರೊ ಅಜ್ಜನ ಗದ್ದ ಕಬ್ಬಿಣದ ಚೌಕಟ್ಟಿನ ಮೇಲೆ.
ಎಡಗಡೆ ಒಂದು ಚುಕ್ಕಿ ಹೊತ್ತಿಸಿ ಆರಿಸುತ್ತೇನೆ:
ಕಂಡಿತೆ?
"ಇಲ್ಲ ಕಣಮ್ಮ. ಆ ಕಡೆ ಕತ್ತಲೂ ಇಲ್ಲ.
ಆ ಕಡೆಯೇ ಇಲ್ಲ."

ಹೋಗಲಿ, ಬಾಯಿಗೆ ಬಂದದ್ದು ಹೇಳಿ, ಮೇಲೋ ಕೆಳಗೋ?
ನಗುತ್ತಾನೆ. "ಮೇಲೆ." ಸರಿ.
"ಕೆಳಗೆ." ಸರಿ. "ಕೆಳಗೆ." ಅದೂ ಸರಿ.
ಐವತ್ತಕ್ಕೆ ನಲವತ್ಮೂರು. ಒತ್ತಿ ಬರೆದು
ನನ್ನ ಪೆನ್ಸಿಲ್ಲಿನ ಮೊನೆ ಮುರಿಯಿತು.

ಮೊದಲೇ ಬಾಣದ ಗುರುತು ತೋರಿಸಿದರಂತೂ ಇನ್ನೂ ಚುರುಕು:
ಗಮನ ಅಲ್ಲಿಗೆ ಹೋಗಿ ಬಂದಿದೆ
ಮನೆಯ ಯಜಮಾನನಿಗೆ ಹೇಳದೆ.

ವಾರ್ಡಿಗೆ ಮರಳುವಾಗ, ಎಡಕ್ಕೆ,
ನೆಲ ಒರೆಸುವವರ ಬಕೆಟ್ಟು. ನಾನು ಬಾಯಿ ತೆರೆಯುವಷ್ಟರಲ್ಲಿ
ಅಜ್ಜ ಅರೆಹೆಜ್ಜೆ ಬಲಕ್ಕೆ ಸರಿದು ನಡೆದ.
ಯಾಕೆ ಸರಿದಿರಿ?
"ಎಲ್ಲಿ ಸರಿದೆ?"
ಆಮೇಲೆ, ನನ್ನ ಮುಖ ನೋಡಿ, "ಸುಮ್ಮನೆ."

ಕಿಟಕಿಯಾಚೆ, ಕಡಲಂಚಿಗೆ, ಬೊಂಡಾಸ್ ದೋಣಿಗಳ ದೀಪಸಾಲು.
ನಲವತ್ತು ವರ್ಷ ಅಲ್ಲಿ ಗಾಳ ಎಳೆದವನು ಹೇಳುತ್ತಾನೆ:
"ದೀಪಕ್ಕೆ ಬರುತ್ತವೆ ಅಂತಾರೆ ಎಲ್ಲ. ಬರುತ್ತವೆ, ನಿಜ,
ಬೆಳಕಿನಲ್ಲಿ ನಿಲ್ಲುವುದಿಲ್ಲ.
ದೋಣಿಯ ಹೊಟ್ಟೆಯ ಕೆಳಗೆ ನೆರಳಿದೆಯಲ್ಲ,
ಅಲ್ಲಿ ಕಾದಿರುತ್ತವೆ.
ನಾವು ನೂಲು ಬಿಡುವುದು ನೆರಳಿಗೆ."

ವರದಿಯ ಕೊನೆಯ ಸಾಲು: ರೋಗಿಗೆ ಅರಿವಿತ್ತೆ?
ಹೌದು, ಇಲ್ಲ. ಎರಡೇ ಚೌಕ.
ಮೊಂಡು ಪೆನ್ಸಿಲ್ ಹಿಡಿದು ಕೂತಿದ್ದೇನೆ.
ಎಡಗೈ ಆಗಲೇ ಜೇಬಿನೊಳಗೆ
ಮೆಂಡರ್ ಹುಡುಕುತ್ತಿದೆ.
ನಾನು ಕಳಿಸಿರಲಿಲ್ಲ.